ದ್ರಾಕ್ಷಿಗೆ ಸಿಗುವ ಗಾಳಿ ಓದುವವರಿಗೂ ಸಿಗಲಿ

ಫೆಬ್ರವರಿ ತಿಂಗಳು ಕಳೆಯುತ್ತ ಬಂದಂತೆ ಜತ್ತ ತಾಲೂಕಿನ ತೋಟಗಳ ಪಕ್ಕದಲ್ಲಿ ಒಣದ್ರಾಕ್ಷಿಯ ಶೆಡ್ಡುಗಳು ತುಂಬತೊಡಗುತ್ತವೆ. ಕೊಯ್ದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದರಂತೆ ಕಟ್ಟಿದ ಬಲೆಯ ಅಂತಸ್ತುಗಳ ಮೇಲೆ ಹರಡುತ್ತಾರೆ. ಮೇಲೆ ಬಿಸಿಲನ್ನು ತಡೆಯುವ ಹೊದಿಕೆಯಿರುತ್ತದೆ. ಬದಿಗಳು ಗಾಳಿಗೆ ತೆರೆದಿರುತ್ತವೆ. ಎರಡು ವಾರಗಳ ಹೊತ್ತಿಗೆ ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಉಳಿದ ಮೂರು ಕಿಲೋ ತೂಕದ ನೀರನ್ನು ಹೊತ್ತೊಯ್ಯುವುದು ಗಾಳಿಯೇ. ಗಾಳಿ ನಿಂತರೆ ಹಣ್ಣು ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಬೆಲೆ ಇಳಿಯುತ್ತದೆ. ಆದುದರಿಂದ ಶೆಡ್ಡನ್ನು ಎಲ್ಲಿ ನಿಲ್ಲಿಸಬೇಕು, ಯಾವ ದಿಕ್ಕಿಗೆ ತೆರೆದಿಡಬೇಕು, ಅಂತಸ್ತುಗಳ ನಡುವೆ ಎಷ್ಟು ಅಂತರ ಬಿಡಬೇಕು ಎಂಬುದನ್ನು ಬೆಳೆಗಾರರು ಬಹಳ ಎಚ್ಚರದಿಂದ ತೀರ್ಮಾನಿಸುತ್ತಾರೆ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಸಾಂಗಲಿಯ ಒಣದ್ರಾಕ್ಷಿಯ ಹಿಂದೆ ಈ ಎಚ್ಚರವೂ ಇದೆ.

ಇವೇ ತಿಂಗಳುಗಳಲ್ಲಿ ಪರೀಕ್ಷೆಗಳೂ ಬರುತ್ತವೆ. ಹತ್ತನೆಯ ತರಗತಿಯ ಪರೀಕ್ಷೆ ಫೆಬ್ರವರಿ-ಮಾರ್ಚ್ ತಿಂಗಳುಗಳದು. ಪದವಿ ತರಗತಿಗಳ ಓದು ಬೇಸಿಗೆಯುದ್ದಕ್ಕೂ ಚಾಚಿಕೊಳ್ಳುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವವರಿಗಂತೂ ಋತುಭೇದವೇ ಇಲ್ಲ. ಇವರು ಕುಳಿತು ಓದುವ ಕೋಣೆಗಳನ್ನು ಒಮ್ಮೆ ನೋಡಬೇಕು. ಮರಾಠಿಯಲ್ಲಿ ‘ಅಭ್ಯಾಸಿಕಾ’ ಎಂದು ಕರೆಯುವ ಓದುಕೋಣೆಗಳು ಈಗ ತಾಲೂಕಿನ ಊರುಗಳಲ್ಲೂ ಬಳಕೆಗೆ ಬಂದಿವೆ. ಒಂದು ಕೋಣೆಯನ್ನು ಪ್ಲೈವುಡ್ ಹಲಗೆಗಳಿಂದ ಸಣ್ಣ ಸಣ್ಣ ಗೂಡುಗಳಾಗಿ ವಿಂಗಡಿಸಿ, ಪ್ರತಿ ಗೂಡಿಗೊಂದು ಕುರ್ಚಿ, ಒಂದು ದೀಪ, ಮೊಬೈಲಿಗೆ ಒಂದು ಪ್ಲಗ್ಗು ಕೊಡುವುದು ಅವುಗಳ ರೂಢಿಯ ರಚನೆ. ಹೊರಗಿನ ಸದ್ದು ಬಾರದಿರಲೆಂದು ಕಿಟಕಿ ಮುಚ್ಚಿರುತ್ತದೆ. ಧೂಳು ಬಾರದಿರಲೆಂದು ಬಾಗಿಲೂ ಮುಚ್ಚಿರುತ್ತದೆ. ತಲೆಯ ಮೇಲೆ ಎಷ್ಟೋ ಕಡೆ ‘ಪತ್ರಾ’ ಎಂದು ಕರೆಯುವ ತಗಡು. ಶಾಲೆಗಳ ಕಂಪ್ಯೂಟರ್ ಕೋಣೆಗಳ ಸ್ಥಿತಿಯೂ ಬಹುಮಟ್ಟಿಗೆ ಇದೇ. ಅಲ್ಲಿ ಧೂಳಿನ ಭಯ ಇನ್ನೂ ಹೆಚ್ಚು. ಪರದೆಯ ಮೇಲೆ ಬೆಳಕು ಬೀಳಬಾರದೆಂದು ಕಿಟಕಿಗಳಿಗೆ ದಪ್ಪ ಬಟ್ಟೆಯನ್ನೂ ಕಟ್ಟುವುದುಂಟು.

ದ್ರಾಕ್ಷಿಗೆ ಗಾಳಿಯ ದಾರಿಯನ್ನು ಇಷ್ಟು ಚೆನ್ನಾಗಿ ಮಾಡಿಕೊಡಬಲ್ಲ ಸೀಮೆಯು ಓದುವ ಮಕ್ಕಳಿಗೆ ಅದನ್ನು ಮಾಡಿಕೊಡದಿರುವುದು ಬಡತನದಿಂದ ಮಾತ್ರವಲ್ಲ. ಕೋಣೆಯನ್ನು ತಂಪಾಗಿಡುವುದೆಂದರೆ ಯಂತ್ರವೊಂದನ್ನು ಕೊಳ್ಳುವುದು ಎಂಬ ತಿಳುವಳಿಕೆ ಬೇರೂರಿರುವುದೇ ಅದರ ಮುಖ್ಯ ಕಾರಣ. ಒಳಗೆ ಹುಟ್ಟಿದ ಬಿಸಿ ಮತ್ತು ಉಸಿರಿನ ಗಾಳಿ ಹೊರಗೆ ಹೋಗಲು ದಾರಿಯಿದೆಯೇ ಎಂಬುದು ಮೊದಲ ಪ್ರಶ್ನೆಯಾಗಬೇಕು. ಯಂತ್ರದ ಪ್ರಶ್ನೆ ಅದರ ನಂತರದ್ದು.

ಮುಚ್ಚಿದ ಗೂಡಿನಲ್ಲಿ ನಿಜವಾಗಿ ಏನಾಗುತ್ತದೆಂಬುದನ್ನು ಅರಿಯಲು ಜತ್ತಕ್ಕೆ ದೂರವೆನಿಸುವ ಒಂದು ಉದಾಹರಣೆ ನೆರವಾಗುತ್ತದೆ. ವಿಮಾನ ನಡೆಸುವ ಅನುಭವವನ್ನು ನೆಲದ ಮೇಲೆಯೇ ಕೊಡುವ ಸಿಮ್ಯುಲೇಟರನ್ನು ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ರೂಪಿಸಿದನು. ಆತನ ತಂದೆಯದು ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆ. ಆ ವಾದ್ಯದ ಗಾಳಿತಿದಿಗಳನ್ನೇ ಬಳಸಿ ಆತನು ಪುಟ್ಟ ವಿಮಾನದಾಕಾರದ ಪೆಟ್ಟಿಗೆಯೊಂದು ಓಲಾಡುವಂತೆ ಮಾಡಿದನು. ಹೊರಗಿನದೇನೂ ಕಾಣದಂತೆ ಮುಚ್ಚಳ ಹಾಕಿಕೊಂಡು, ಕೇವಲ ಉಪಕರಣಗಳನ್ನು ನೋಡಿ ವಿಮಾನ ನಡೆಸುವುದನ್ನು ಅದರೊಳಗೆ ಕಲಿಸಲಾಗುತ್ತಿತ್ತು. ಇಂದು ಜಗತ್ತಿನ ಹಲವೆಡೆ ಹವ್ಯಾಸಿಗಳು ಕಂಪ್ಯೂಟರ್ ಮತ್ತು ಪರದೆಗಳನ್ನು ಜೋಡಿಸಿ, ಸುತ್ತ ಹಲಗೆ ಹೊಡೆದು, ಮನೆಯಲ್ಲಿಯೇ ಇಂಥ ಕಾಕ್‌ಪಿಟ್ ಕಟ್ಟಿಕೊಳ್ಳುತ್ತಾರೆ. ಕಟ್ಟಿ ಮುಗಿದ ಮೇಲೆ ಅವರನ್ನು ಬೇಗನೆ ಕಾಡುವುದು ಒಳಗಿನ ಸೆಕೆ.

ಅದರ ಲೆಕ್ಕ ಸರಳವಾದುದು. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಗೂಡಿನಲ್ಲಿ ನಾಲ್ಕೂವರೆ ಘನಮೀಟರ್ ಗಾಳಿಯಿರುತ್ತದೆ. ಸುಮ್ಮನೆ ಕುಳಿತ ಮನುಷ್ಯನ ದೇಹ ಸುಮಾರು 100 ವಾಟ್‌ನಷ್ಟು ಶಾಖವನ್ನು ಹೊರಬಿಡುತ್ತದೆ. ಶಕ್ತಿಶಾಲಿಯಾದ ಕಂಪ್ಯೂಟರಿನದು 400, ಪರದೆಗಳದು 100 ಎಂದಿಟ್ಟುಕೊಂಡರೆ ಒಟ್ಟು 600 ವಾಟ್. ಗೋಡೆಗಳು ಏನನ್ನೂ ಹೀರಿಕೊಳ್ಳದಿದ್ದರೆ ಇಷ್ಟು ಶಾಖ ಆ ಗಾಳಿಯನ್ನು ಒಂಬತ್ತು ಸೆಕೆಂಡಿಗೆ ಒಂದು ಡಿಗ್ರಿಯಂತೆ ಕಾಯಿಸಬಲ್ಲದು. ಹಲಗೆಗಳು ಸ್ವಲ್ಪ ಹೀರಿಕೊಳ್ಳುವುದರಿಂದ ವೇಗ ತಗ್ಗುತ್ತದೆಯೇ ಹೊರತು ದಿಕ್ಕು ಬದಲಾಗುವುದಿಲ್ಲ. ಒಳಗಿನ ಬಿಸಿ ಹೊರಗಿನದಕ್ಕಿಂತ ಐದು ಡಿಗ್ರಿ ಮಾತ್ರ ಹೆಚ್ಚಿರಲಿ ಎಂದರೂ ಗಂಟೆಗೆ ಸುಮಾರು 360 ಘನಮೀಟರ್ ಗಾಳಿ ಒಳಬಂದು ಹೊರಹೋಗಬೇಕು. ಅಂದರೆ ಗೂಡಿನ ಗಾಳಿ ಗಂಟೆಗೆ 80 ಸಲ ಬದಲಾಗಬೇಕು. ಅಂಗೈಯಗಲದ ಒಂದು ಕಂಪ್ಯೂಟರ್ ಫ್ಯಾನಿನಿಂದ ಇದು ಆಗದ ಕೆಲಸ. ನಾಲ್ಕೈದಾದರೂ ಬೇಕು.

ಉಸಿರಿನ ಲೆಕ್ಕ ಬೇರೆಯಿದೆ. ಕುಳಿತ ಮನುಷ್ಯ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 420 ಭಾಗದಷ್ಟಿದೆ. ಅದು 1000 ದಾಟಿದರೆ ಕೋಣೆಯಲ್ಲಿ ಗಾಳಿಯಾಟ ಸಾಲದೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಮೇಲೆ ಹೇಳಿದ ಗೂಡು ಪೂರ್ತಿ ಮುಚ್ಚಿದ್ದರೆ ಒಬ್ಬನೇ ಮನುಷ್ಯನ ಉಸಿರಿನಿಂದ ಹತ್ತು ನಿಮಿಷದೊಳಗೆ ಆ ಮಟ್ಟ ಬಂದುಬಿಡುತ್ತದೆ. ತಲೆ ಭಾರವಾಗುವುದು, ಆಕಳಿಕೆ ಬರುವುದು, ಓದಿದ ಸಾಲನ್ನೇ ಮತ್ತೆ ಓದುವಂತಾಗುವುದು ಯಾವಾಗಲೂ ಸೋಮಾರಿತನದ ಲಕ್ಷಣವಲ್ಲ. ಎಷ್ಟೋ ಸಲ ಅದು ಕೋಣೆಯ ದೋಷ.

ಅನುಭವವುಳ್ಳ ಹವ್ಯಾಸಿಗಳು ಇದಕ್ಕೆ ಕಂಡುಕೊಂಡ ಪರಿಹಾರದಲ್ಲಿ ಒಂದು ಕ್ರಮವಿದೆ. ಮೊದಲು ಬಿಸಿಯ ಮೂಲವನ್ನೇ ಹೊರಗಿಡಬೇಕು: ಕಂಪ್ಯೂಟರಿನ ಪೆಟ್ಟಿಗೆಯನ್ನು ಗೂಡಿನಾಚೆ ಇಟ್ಟು, ತಂತಿಗಳನ್ನು ಮಾತ್ರ ಒಳಗೆ ತಂದರೆ ಮೂರರಲ್ಲಿ ಎರಡು ಪಾಲು ಶಾಖ ಒಳಗೆ ಹುಟ್ಟುವುದೇ ಇಲ್ಲ. ಎರಡನೆಯದಾಗಿ, ಕೆಳಗೆ ಗಾಳಿ ಬರುವ ಕಿಂಡಿ ಮತ್ತು ಮೇಲೆ ಹೋಗುವ ಕಿಂಡಿ ಇರಬೇಕು. ಬಿಸಿಗಾಳಿ ಹಗುರವಾಗಿ ತಾನಾಗಿಯೇ ಮೇಲೇರುವುದರಿಂದ ಫ್ಯಾನು ಅದಕ್ಕೆ ನೆರವಾದರೆ ಸಾಕು. ಮೂರನೆಯದಾಗಿ, ವೇಗವಾಗಿ ತಿರುಗುವ ಸಣ್ಣ ಫ್ಯಾನಿಗಿಂತ ನಿಧಾನವಾಗಿ ತಿರುಗುವ ದೊಡ್ಡ ಫ್ಯಾನು ಲೇಸು. ಗಾಳಿ ಅಷ್ಟೇ ಹೋಗುತ್ತದೆ, ಸದ್ದು ಕಡಿಮೆ. ಒಬ್ಬನ ಆಟದ ಗೂಡಿಗೆ ಇಷ್ಟು ಯೋಚನೆ ಬೇಕೆಂದಾದರೆ, ಮೂವತ್ತು ಜನ ದಿನವಿಡೀ ಕುಳಿತು ಓದುವ ಕೋಣೆಗೆ ಎಷ್ಟು ಬೇಕು? ಮೂವತ್ತು ಜನರ ದೇಹಗಳಿಂದಲೇ 3000 ವಾಟ್ ಶಾಖ ಹುಟ್ಟುತ್ತದೆ. ಕೋಣೆಯ ನಡುವೆ ಮೂರು ಇಸ್ತ್ರಿಪೆಟ್ಟಿಗೆಗಳನ್ನು ಬೆಳಗಿನಿಂದ ಸಂಜೆಯವರೆಗೆ ಕಾಯಿಸಿಟ್ಟಂತೆ ಅದು.

ಮುಚ್ಚಿದ ಜಾಗದ ಅಪಾಯವನ್ನು ಈ ಸೀಮೆಯ ಒಕ್ಕಲು ಮಕ್ಕಳಿಗೆ ಹೊಸದಾಗಿ ಹೇಳಬೇಕಿಲ್ಲ. ಜೋಳವನ್ನು ನೆಲದೊಳಗೆ ತುಂಬಿಡುತ್ತಿದ್ದ ಹಗೇವಿನ ನೆನಪು ಹಿರಿಯರಲ್ಲಿ ಇನ್ನೂ ಇದೆ. ಮರಾಠಿಯವರು ಅದನ್ನೇ ‘ಪೇವ’ ಎನ್ನುತ್ತಾರೆ. ಕಾಳು ಉಸಿರಾಡಿ ಕೆಟ್ಟಗಾಳಿ ತುಂಬಿಕೊಂಡಿರುವ ಹಗೇವಿಗೆ ತೆರೆದ ಕೂಡಲೆ ಇಳಿದರೆ ಪ್ರಾಣವೇ ಹೋಗಬಹುದು. ಆದ್ದರಿಂದ ಬಾಯಿ ತೆಗೆದು, ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಇಳಿಯುವ ಪದ್ಧತಿ ಬಂದಿತು. ಗಾಳಿಯು ಕಣ್ಣಿಗೆ ಕಾಣದಿದ್ದರೂ ಅದು ಕೆಡುತ್ತದೆ, ಅದನ್ನು ಬದಲಿಸಬೇಕಾಗುತ್ತದೆ ಎಂಬ ಅರಿವು ಆ ಪದ್ಧತಿಯಲ್ಲಿದೆ. ಓದುಕೋಣೆಯಲ್ಲಿ ಕೆಡುವ ಗಾಳಿ ಹಗೇವಿನ ಗಾಳಿಯಂತೆ ಪ್ರಾಣ ತೆಗೆಯುವುದಿಲ್ಲ. ಅದು ಗಮನವನ್ನು ಕುಂದಿಸುತ್ತದೆ. ಆದ್ದರಿಂದಲೇ ಯಾರಿಗೂ ತಿಳಿಯದಂತೆ ನಡೆದುಹೋಗುತ್ತದೆ.

ಕನ್ನಡ ಭಾಷೆಯಲ್ಲಿಯೂ ಈ ಅರಿವು ಶಬ್ದಗಳಾಗಿ ಉಳಿದಿದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ವಿಷಯ ಸಂಬಂಧಿಸುವುದು ಮುಖ್ಯವಾಗಿ ಇಲ್ಲಿ. ಝಳ, ಕಾವು, ಸೆಕೆ ಎಂಬ ಮೂರು ಶಬ್ದಗಳನ್ನು ಗಮನಿಸಬಹುದು. ಬಿಸಿಲಿನಿಂದಾಗಲಿ ಬೆಂಕಿಯಿಂದಾಗಲಿ ದೂರದಿಂದಲೇ ಮುಖಕ್ಕೆ ಹೊಡೆಯುವುದು ಝಳ. ಗೋಡೆ, ನೆಲ, ಹಂಚುಗಳು ಹೀರಿಕೊಂಡು ಹಿಡಿದಿಟ್ಟುಕೊಂಡಿರುವುದು ಕಾವು; ಹೊತ್ತು ಮುಳುಗಿದರೂ ಅದು ಆರುವುದಿಲ್ಲ. ಗಾಳಿ ನಿಂತು, ಬೆವರು ಆರದೆ ಮೈಗೆ ಅಂಟಿಕೊಳ್ಳುವುದು ಸೆಕೆ. ಶಾಖವು ಮೈಯನ್ನು ತಲಪುವ ಬಗೆಗಳನ್ನು ಭೌತಶಾಸ್ತ್ರವು ಬೇರೆ ಬೇರೆಯಾಗಿ ಗುರುತಿಸುವಂತೆ ಮಾತಾಡುವ ಜನರೂ ಗುರುತಿಸಿದ್ದಾರೆ. ಈಗ ಮೂರಕ್ಕೂ ‘ಹೀಟ್’ ಎಂಬ ಒಂದೇ ಮಾತು ಸಾಕೆನಿಸಿದೆ. ಶಬ್ದ ಒಂದಾದಾಗ ಪರಿಹಾರವೂ ಒಂದೇ ಎನಿಸುತ್ತದೆ. ವಾಸ್ತವದಲ್ಲಿ ಝಳಕ್ಕೆ ನೆರಳು ಬೇಕು, ಕಾವಿಗೆ ಆರುವ ಕಾಲ ಬೇಕು, ಸೆಕೆಗೆ ಗಾಳಿ ಬೇಕು.

ಕಿಂಡಿಗಳ ಹೆಸರುಗಳಲ್ಲಿಯೂ ಇಂಥ ವಿವೇಚನೆಯಿದೆ. ಬೆಳಕು ಮತ್ತು ಕಿಂಡಿ ಎಂಬೆರಡು ಮಾತುಗಳು ಕೂಡಿ ಬೆಳಕಿಂಡಿಯಾಯಿತು. ವಾತ ಮತ್ತು ಅಯನ ಸೇರಿ ವಾತಾಯನವಾಯಿತು. ಗಾಳಿಯ ದಾರಿ ಎಂಬುದೇ ಅದರ ಅರ್ಥ. ಗೋವಿನ ಕಣ್ಣಿನ ಹೋಲಿಕೆಯಿಂದ ಗವಾಕ್ಷ ಬಂದಿತು. ಕಲ್ಲಿನಲ್ಲಿ ಕೊರೆದ ಬಲೆಯಂತಹ ಕಿಟಕಿ ಜಾಲಂಧ್ರ. ಐಹೊಳೆಯ ಲಾಡಖಾನ್ ಗುಡಿಯಲ್ಲಿ ಅಂಥ ಕಲ್ಲಿನ ಜಾಲಂಧ್ರಗಳಿವೆ. ಜತ್ತದ ನೆರೆಯ ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಬರಹವನ್ನೇ ಜಾಲವಾಗಿ ಕೊರೆದ ಕಿಟಕಿಗಳಿವೆ. ಝಳವನ್ನು ತಡೆದು ಗಾಳಿಯನ್ನು ಬಿಡುವುದು ಅವುಗಳ ಕೆಲಸ. ಚಂದವಾಗಿರುವುದರಿಂದ ಪ್ರವಾಸಿಗರು ಅವುಗಳ ಚಿತ್ರ ತೆಗೆದುಕೊಳ್ಳುತ್ತಾರೆ. ಅವು ಮಾಡುತ್ತಿರುವ ಕೆಲಸವನ್ನು ಗಮನಿಸುವವರು ಕಡಿಮೆ.

ಹಳೆಯದೆಲ್ಲವನ್ನೂ ಹೊಗಳಬೇಕೆಂಬುದು ಇದರ ತಾತ್ಪರ್ಯವಲ್ಲ. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳು ಬೇಸಿಗೆಯ ಮಧ್ಯಾಹ್ನದಲ್ಲಿ ತಂಪಾಗಿರುತ್ತಿದ್ದುದು ನಿಜ. ಅವುಗಳಲ್ಲಿ ಅನೇಕವು ಕತ್ತಲೆಯ ಮನೆಗಳಾಗಿದ್ದುದೂ ನಿಜ. ಅಡುಗೆಮನೆಯ ಹೊಗೆಯಲ್ಲಿ ಹೆಂಗಸರು ಕಣ್ಣು ಕೆಡಿಸಿಕೊಂಡುದೂ ನಿಜ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕಿ ಬಡಿಯುವ ದುಡಿಮೆ ಸಣ್ಣದಲ್ಲ. ತಗಡು ಅಗ್ಗ, ಹಗುರ, ಬೇಗನೆ ಹೊದಿಸಬಹುದಾದುದು. ಬಡವನಿಗೆ ಅದು ಸೋರದ ಸೂರು. ತಗಡನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಹಳೆಯ ಮನೆಗೆ ದಪ್ಪವಿತ್ತು, ಆದುದರಿಂದ ಹಗಲಿನ ಬಿಸಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ತಗಡಿಗೆ ಆ ದಪ್ಪವಿಲ್ಲ. ಬಿಸಿಲಿನಲ್ಲಿ ಅದು 60 ಡಿಗ್ರಿ ದಾಟುವುದು ಅಪರೂಪವಲ್ಲ, ಆ ಝಳ ನೇರವಾಗಿ ತಲೆಯ ಮೇಲಿಳಿಯುತ್ತದೆ. ಹೀಗಿರುವಾಗ ಹಳೆಯ ಮನೆಯಲ್ಲಿ ಕಿಂಡಿ ಎಷ್ಟು ಬೇಕಿತ್ತೋ ತಗಡಿನ ಕೋಣೆಗೆ ಅದಕ್ಕಿಂತ ಹೆಚ್ಚು ಬೇಕು. ಆದರೆ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ: ಸೂರು ತೆಳ್ಳಗಾದಂತೆ ಕಿಂಡಿಗಳೂ ಮುಚ್ಚಿಹೋಗಿವೆ.

ಯಂತ್ರಗಳಿಂದ ಈ ಕೊರತೆ ತುಂಬುವುದೇ ಎಂಬುದನ್ನು ಪರಿಶೀಲಿಸಬೇಕು. ಛಾವಣಿಯ ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ. ಇದ್ದ ಗಾಳಿಯನ್ನು ತಿರುಗಿಸಿ ಬೆವರನ್ನು ಆರಿಸುತ್ತದೆ. ತಗಡಿನ ಕೆಳಗೆ ನಿಂತ ಬಿಸಿಗಾಳಿಯನ್ನು ಓದುವವನ ತಲೆಯ ಮೇಲೆ ತಳ್ಳುವುದೂ ಅದೇ. ಏರ್ ಕೂಲರು ಒಣ ಹವೆಯ ಈ ಸೀಮೆಗೆ ಒಪ್ಪುವಂಥ ಯಂತ್ರವೇ; ಆದರೆ ಅದು ಒಳಗೆ ತಳ್ಳಿದ ತೇವದ ಗಾಳಿಗೆ ಹೊರಹೋಗುವ ದಾರಿಯಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕೋಣೆ ಇನ್ನಷ್ಟು ಸೆಕೆಯಾಗುತ್ತದೆ. ಕಿಟಕಿ ಮುಚ್ಚಿ ಕೂಲರು ಹಚ್ಚುವುದು ಸಾಮಾನ್ಯವಾಗಿ ಕಾಣುವ ತಪ್ಪು. ಅದಕ್ಕೆ ನೀರೂ ಬೇಕು. ಮಳೆನೆರಳಿನ ಸೀಮೆಯಾದ ಜತ್ತದಲ್ಲಿ ಬೇಸಿಗೆಗೆ ಟ್ಯಾಂಕರಿನ ದಾರಿ ಕಾಯುವ ಹಳ್ಳಿಗಳಿರುವಾಗ, ಕಿಂಡಿಯಿಂದ ಆಗಬಹುದಾದ ಕೆಲಸಕ್ಕೆ ನೀರನ್ನು ಖರ್ಚು ಮಾಡುವುದು ಸರಿಯೆನಿಸದು. ಇನ್ನು ಏಸಿಯ ಮಾತು. ಅದು ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆ. ಆದರೆ ಗೋಡೆಗೆ ಹಾಕುವ ಸಾಮಾನ್ಯ ಏಸಿ ಹೊಸ ಗಾಳಿಯನ್ನು ಒಳಗೆ ತರುವುದಿಲ್ಲ. ಮೈ ತಂಪಾಗುತ್ತದೆ, ಉಸಿರಿನ ಗಾಳಿ ಮಾತ್ರ ಹಳೆಯದೇ. ಅದರ ಖರ್ಚು ಕೊನೆಗೆ ಬಂದು ನಿಲ್ಲುವುದು ವಿದ್ಯಾರ್ಥಿಯ ತಿಂಗಳ ಶುಲ್ಕದ ಮೇಲೆ.

ಇದಕ್ಕೆ ಬರುವ ಆಕ್ಷೇಪಗಳು ನಿರ್ಲಕ್ಷಿಸತಕ್ಕವಲ್ಲ. ಕಿಟಕಿ ತೆರೆದರೆ ಧೂಳು ಬರುತ್ತದೆ, ಸದ್ದು ಬರುತ್ತದೆ, ಕಳ್ಳತನದ ಭಯವಿದೆ ಎನ್ನುತ್ತಾರೆ. ಎಲ್ಲಕ್ಕಿಂತ ಬಲವಾದ ಆಕ್ಷೇಪವೆಂದರೆ, ಏಪ್ರಿಲ್ ಮಧ್ಯಾಹ್ನದಲ್ಲಿ ಹೊರಗೇ 40 ಡಿಗ್ರಿಯಿರುವಾಗ ಕಿಂಡಿಯಿಂದ ಬರುವುದು ಬಿಸಿಗಾಳಿಯೇ ಅಲ್ಲವೇ ಎಂಬುದು. ಅದು ಸರಿಯಾದ ಮಾತು. ಹೊರಗಿನ ಗಾಳಿ ಕೋಣೆಯನ್ನು ತನಗಿಂತ ತಂಪು ಮಾಡಲಾರದು. ಆದರೆ ಜನ ತುಂಬಿದ ತಗಡಿನ ಕೋಣೆಯ ಒಳಗಿನ ಬಿಸಿ ಆ ಹೊತ್ತಿನಲ್ಲಿ ಹೊರಗಿನ ನೆರಳಿಗಿಂತಲೂ ಹೆಚ್ಚಿರುತ್ತದೆ. ಹೀಗಾಗಿ ಆಗಲೂ ದಾರಿ ಬೇಕು. ಅದಕ್ಕಿಂತ ಮುಖ್ಯವಾಗಿ, ಈ ಬಯಲುಸೀಮೆಯಲ್ಲಿ ರಾತ್ರಿಯ ಗಾಳಿ ಹಗಲಿನದಕ್ಕಿಂತ ಬಹಳ ತಂಪು. ಹಗಲಿಡೀ ಕಾದ ಗೋಡೆಗಳು ಆರಬೇಕಾದುದು ರಾತ್ರಿ. ಓದುಕೋಣೆಗಳಿಗೂ ಶಾಲೆಗಳಿಗೂ ಸಂಜೆಯಾದೊಡನೆ ಬೀಗ ಬೀಳುತ್ತದೆ, ಒಳಗಿನ ಕಾವು ಒಳಗೇ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಬಾಗಿಲು ತೆರೆದವರ ಮುಖಕ್ಕೆ ನಿನ್ನೆಯ ಬಿಸಿ ಬಡಿಯುತ್ತದೆ. ಸರಳು ಹಾಕಿದ, ಜಾಳಿಗೆ ಹೊಡೆದ ಎತ್ತರದ ಕಿಂಡಿಗಳು ರಾತ್ರಿಯೂ ತೆರೆದಿದ್ದರೆ ಕಳ್ಳನಿಗೆ ದಾರಿಯಾಗುವುದಿಲ್ಲ, ಕಾವಿಗೆ ದಾರಿಯಾಗುತ್ತದೆ. ಧೂಳಿಗೆ ಒದ್ದೆಬಟ್ಟೆಯ ಒರಸು ಇದೆ. ಕಂಪ್ಯೂಟರಿಗೆ ಹೊದಿಕೆ ಇದೆ. ಸದ್ದಿನ ಮಾತಿಗೆ ಬಂದರೆ, ರಸ್ತೆಯ ಕಡೆಯ ಕಿಂಡಿಯನ್ನು ಚಿಕ್ಕದಾಗಿಸಿ ಹಿತ್ತಲಿನ ಕಡೆಯದನ್ನು ದೊಡ್ಡದಾಗಿಸಬಹುದು.

ಹಾಗಾದರೆ ಏನು ಮಾಡಬೇಕು? ಪಟ್ಟಿ ಉದ್ದವಲ್ಲ. ಓದುವ ಪ್ರತಿಯೊಂದು ಕೋಣೆಗೂ ನೆಲದ ಹತ್ತಿರ ಒಂದು ಕಡೆ ಗಾಳಿ ಬರುವ ಕಿಂಡಿ, ಎದುರು ಗೋಡೆಯಲ್ಲಿ ತಗಡಿನ ಅಡಿಗೇ ಹೋಗುವ ಕಿಂಡಿ ಇರಬೇಕು. ಸಾಧ್ಯವಿರುವಲ್ಲಿ ಮೇಲಿನ ಕಿಂಡಿಗೆ ಹೊರಕ್ಕೆ ಎಳೆಯುವ ಒಂದು ಫ್ಯಾನು ಬೇಕು. ಪ್ಲೈವುಡ್ಡಿನ ಗೂಡುಗಳು ನೆಲದಿಂದ ಗೇಣೆತ್ತರ ಬಿಟ್ಟು ಆರಂಭವಾಗಬೇಕು, ಕುಳಿತವನ ತಲೆಗಿಂತ ಮೇಲೆ ಹೋಗಬಾರದು. ತಗಡಿಗೆ ಪ್ರತಿ ಬೇಸಿಗೆಯ ಮೊದಲು ಸುಣ್ಣ ಬಳಿಯಬೇಕು. ಬಿಳಿಯ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. 2010ರ ಭೀಕರ ಬಿಸಿಗಾಳಿಯ ನಂತರ ಅಹಮದಾಬಾದ್ ನಗರವು 2013ರಲ್ಲಿ ಬಿಸಿಗಾಳಿ ನಿರ್ವಹಣೆಯ ಯೋಜನೆಯನ್ನು ರೂಪಿಸಿತು. ಮುಂದೆ ಬಡವರ ಮನೆಗಳ ಛಾವಣಿಗೆ ಬಿಳಿ ಬಳಿಯುವುದನ್ನೂ ಅದರೊಳಗೆ ಸೇರಿಸಿಕೊಂಡಿತು. ಇನ್ವರ್ಟರು ಮತ್ತು ಅದರ ಬ್ಯಾಟರಿಯನ್ನು ಓದುಕೋಣೆಯ ಒಳಗಿಡದೆ ಗಾಳಿಯಾಡುವ ಹೊರಜಾಗದಲ್ಲಿಡಬೇಕು. ಅದರ ಶಾಖವೂ ಒಳಗೆ ಬೇಡ, ಚಾರ್ಜಾಗುವಾಗ ಹೊರಬರುವ ಜಲಜನಕವೂ ಬೇಡ. ಇವುಗಳಲ್ಲಿ ಯಾವುದಕ್ಕೂ ಹೊರಊರಿನ ಪರಿಣತರು ಬೇಕಿಲ್ಲ. ಒಣದ್ರಾಕ್ಷಿಯ ಶೆಡ್ಡು ಕಟ್ಟುವ ಕೈಗಳೇ ಇದನ್ನೂ ಮಾಡಬಲ್ಲವು.

ಸಾಂಗಲಿ ಜಿಲ್ಲೆಯ ಕನ್ನಡ ಶಾಲೆಗಳ ಮಾತು ಬಂದಾಗಲೆಲ್ಲ ಚರ್ಚೆಯು ಶಿಕ್ಷಕರ ಕೊರತೆ, ಪಠ್ಯಪುಸ್ತಕ, ಮಾಧ್ಯಮ, ಗಡಿ ಎಂಬ ದೊಡ್ಡ ವಿಷಯಗಳತ್ತ ತಿರುಗುತ್ತದೆ. ಅವು ದೊಡ್ಡ ವಿಷಯಗಳೇ; ಅವುಗಳ ತೀರ್ಮಾನ ಮುಂಬಯಿಯಲ್ಲಿಯೋ ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ಆಗಬೇಕು. ಕಿಂಡಿಯ ತೀರ್ಮಾನ ಊರಿನಲ್ಲಿಯೇ ಆಗಬಹುದು. ಶಾಲಾ ಸಮಿತಿಯ ಒಂದು ಸಭೆ, ಗೌಂಡಿಯ ಎರಡು ದಿನದ ಕೆಲಸ, ಕೆಲವು ಅಡಿ ಜಾಳಿಗೆ ಸಾಕು. ಭಾಷೆಯನ್ನು ಉಳಿಸಬೇಕೆನ್ನುವವರು ಆ ಭಾಷೆಯಲ್ಲಿ ಓದುವ ಮಗು ಮಧ್ಯಾಹ್ನ ಎರಡು ಗಂಟೆಗೆ ತೂಕಡಿಸದೆ ಕುಳಿತಿರಬಲ್ಲುದೇ ಎಂಬುದನ್ನೂ ಕೇಳಬೇಕಾಗುತ್ತದೆ. ಪದ್ಯದ ಅರ್ಥ ಬಿಡಿಸುವುದಕ್ಕೆ ಎಚ್ಚರವಾದ ಮನಸ್ಸು ಬೇಕು. ಎಚ್ಚರವಾದ ಮನಸ್ಸಿಗೆ ಒಳ್ಳೆಯ ಗಾಳಿ ಬೇಕು.

ಈ ಬೇಸಿಗೆಯಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಒಂದು ಸಣ್ಣ ಕೆಲಸವಿದೆ. ತಮ್ಮ ಊರಿನ ಹಳೆಯ ಮನೆಗಳಲ್ಲಿ ಗಾಳಿ ಬೆಳಕಿನ ಕಿಂಡಿಗಳಿಗೆ ಯಾವ ಯಾವ ಹೆಸರಿವೆ, ಅವು ಗೋಡೆಯ ಯಾವ ಎತ್ತರದಲ್ಲಿವೆ, ಯಾವ ಹೊತ್ತಿಗೆ ತೆರೆಯುತ್ತಿದ್ದರು, ಯಾವ ಹೊತ್ತಿಗೆ ಮುಚ್ಚುತ್ತಿದ್ದರು ಎಂಬುದನ್ನು ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡುವುದು. ಕನ್ನಡವೂ ಮರಾಠಿಯೂ ಬೆರೆತ ಈ ಸೀಮೆಯಲ್ಲಿ ಸಿಗುವ ಶಬ್ದಗಳು ನಿಘಂಟಿಗೂ ಹೊಸವಾಗಿರಬಹುದು. ಬರೆದುಕೊಂಡು ಬಂದ ಮೇಲೆ, ತಾವು ಕುಳಿತು ಓದುವ ಕೋಣೆಯ ಗೋಡೆಯನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಬೇಕು. ಬರೆದುಕೊಂಡ ಹೆಸರುಗಳಲ್ಲಿ ಒಂದಾದರೂ ಆ ಗೋಡೆಯಲ್ಲಿ ಕಾಣದಿದ್ದರೆ, ಶಾಲಾ ಸಮಿತಿಗಾಗಲಿ ಕೋಣೆಯ ಮಾಲೀಕರಿಗಾಗಲಿ ಬರೆಯಬೇಕಾದ ಅರ್ಜಿಯ ವಿಷಯ ಸಿಕ್ಕಿತೆಂದೇ ತಿಳಿಯಬೇಕು.